ಕನ್ನಡ ಪೂಜೆಗೆ ಇಬ್ಬರೇ

ಮತ್ತಿಗಿರಿ
16 ಏಪ್ರಿಲ್ 2020

ಅಕ್ಕ ರೀತಮ್ಮನಿಗೆ,

ಲಕೋಟೆಯ ಮೇಲೆ ಸಿಸ್ಟರ್ ಬೆನೆಡಿಕ್ಟಾ ಎಂದು ಬರೆದಿರುವುದು ಅಂಚೆಯವನಿಗಾಗಿ. ಒಳಗೆ ನೀನು ರೀತಮ್ಮನೇ. ಕಾಗದದ ತಲೆಯಲ್ಲಿ ಶಿಲುಬೆ ಹಾಕಿದ್ದೇನೆ, ನೋಡಿಕೊ. ಇಲ್ಲದಿದ್ದರೆ ಮೊದಲು ಅದನ್ನೇ ಹುಡುಕುತ್ತೀ.

ಪ್ರಭು ಎದ್ದುಬಂದ ಪಾಸ್ಕ ಹಬ್ಬ ಬಂತು ಎನ್ನಲೋ ಹೋಯಿತು ಎನ್ನಲೋ ತಿಳಿಯದು. ಲಾಕ್‌ಡೌನು, ಚರ್ಚಿಗೆ ಬೀಗ. ಒಳಗೆ ಫಾದರ್ ಅಮಲನ್ ಒಬ್ಬರೇ ಪೂಜೆ ಮಾಡಿದರು. ಎದುರಿಗೆ ಭಕ್ತಾದಿಗಳ ಬದಲು ಒಂದು ಸ್ಟ್ಯಾಂಡು, ಅದರ ಮೇಲೆ ಒಂದು ಫೋನು. ನಾವೆಲ್ಲ ಮನೆಯಲ್ಲಿ ಕುಳಿತು ಯೂಟ್ಯೂಬಿನಲ್ಲಿ ಪೂಜೆ ನೋಡಿದೆವು. ಅವ್ವ ಮಾತ್ರ ನೋಡಲಿಲ್ಲ, ಪೂಜೆಗೆ ಹೋದಳು. ತಲೆಗೆ ನೀರು ಹಾಕಿಕೊಂಡು, ಬಿಳಿ ಸೀರೆ ಉಟ್ಟು, ಹಿತ್ತಿಲ ಬಾಗಿಲಿನಿಂದ ಹೊರಟು ಮನೆ ಸುತ್ತಿ ಮುಂಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು ಒಳಗೆ ಬಂದಳು. ರಾಗಿ ಡಬ್ಬಕ್ಕೆ ಒರಗಿಸಿದ್ದ ನನ್ನ ಫೋನಿನ ಮುಂದೆ ಮೊಂಬತ್ತಿ ಹಚ್ಚಿ ಮಂಡಿಯೂರಿದಳು.

ಫಾದರ್ "ಪ್ರಭು ನಿಮ್ಮೊಡನಿರಲಿ" ಎನ್ನುವುದನ್ನು ತಮಿಳಿನಲ್ಲಿ ಅಂದರು. ಅವ್ವ ಕನ್ನಡದಲ್ಲಿ "ನಿಮ್ಮ ಆತ್ಮದೊಡನೆಯೂ ಇರಲಿ" ಎಂದು ಗಂಟಲು ತುಂಬ ಹೇಳಿದಳು. ಅಷ್ಟರಲ್ಲಿ ಅವರು ಮುಂದಿನ ಪ್ರಾರ್ಥನೆಗೆ ಹೋಗಿಯಾಗಿತ್ತು.

"ಏನ್ಲಾ ಚೌರಿ, ನಾವು ಹೇಳಾದ್ನ ಕೇಳಿಸ್ಕಳ್ದೇನೇ ಸಾಮೇರು ಮುಂದಕ್ಕೆ ಹೋಗ್ಬುಟ್ರಲ್ಲ?"

ಅವರಿಗೆ ಕೇಳಿಸುವುದಿಲ್ಲ, ರೇಡಿಯೋ ಇದ್ದ ಹಾಗೆ ಇದು, ಎಂದು ತಿಳಿಹೇಳಿದೆ.

"ರೇಡಿಯೋ ಮುಂದೆ ಯಾರಾದ್ರೂ ಮಂಡಿ ಊರ್ತಾರೇನ್ಲಾ?" ಅಂದಳು. ಆ ಪ್ರಶ್ನೆಯ ಬಾಕಿ ಇನ್ನೂ ನನ್ನ ಮೇಲಿದೆ.

ಈ ತಮಿಳು ಸೀಮೆಯಲ್ಲಿ ನಮ್ಮ ಬೀದಿಯ ಹಳೇ ಕನ್ನಡ ಮನೆತನಗಳಿಗೆಂದು ಭಾನುವಾರ ಬೆಳಿಗ್ಗೆ ಆರಕ್ಕೆ ನಡೆಯುತ್ತಿದ್ದ ಕನ್ನಡ ಪೂಜೆ ನಿನಗೆ ನೆನಪಿದೆಯಲ್ಲ. ಫೋನಿನಲ್ಲಿ ತಮಿಳು ಪೂಜೆಯೊಂದನ್ನು ತೋರಿಸಿದರೆ ಸಾಕು ಎಂದಿದ್ದರು ಚರ್ಚ್ ಕಮಿಟಿಯ ಸವರಿಮುತ್ತು ಮಾಸ್ಟರ್. ಅವರ ಹೆಸರಿನ ಸಂತರೇ ನನ್ನ ಹೆಸರಿನ ಸಂತರೂ. ಅವರು ತಮಿಳಿನಲ್ಲಿ ಸವರಿಮುತ್ತು, ನಾನು ಕನ್ನಡದಲ್ಲಿ ಚೌರಪ್ಪ. ಒಂದೇ ಸಂತರು ಇಬ್ಬರನ್ನೂ ಹೇಗೆ ಸಂಭಾಳಿಸುತ್ತಾರೋ. ನಾಲ್ಕು ದಿನ ಅವರ ಬಾಗಿಲು ಬಿಡಲಿಲ್ಲ ನಾನು. ಬರುವ ಭಾನುವಾರದಿಂದ ನಮ್ಮದೂ ಫೋನಿನಲ್ಲಿ ಬರುತ್ತದೆ. ಫಾದರ್ ತಮಿಳಿನವರು, ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಓದುತ್ತಾರೆ. ದೇವರು ಕ್ಷಮಿಸುತ್ತಾನೆ, ಅವ್ವ ತಿದ್ದುತ್ತಾಳೆ.

ನನ್ನ ಮೈಕ್‌ಸೆಟ್ಟು ಶಾಮಿಯಾನದ ಅಂಗಡಿ ಮಲಗಿದೆ. ಮದುವೆ ಇಲ್ಲ, ಮಾರಮ್ಮನ ಹಬ್ಬ ಇಲ್ಲ. ರಾಯಕೋಟೆಯವರೆಗೂ ಹೆಸರು ಮಾಡಿದ ಹಾರ್ನ್‌ಗಳಲ್ಲಿ ಗುಬ್ಬಚ್ಚಿ ಸಂಸಾರ ಹೂಡಿದೆ.

ನೀನು ಪುಣ್ಯವಂತೆ. ಮೂವತ್ತು ವರ್ಷದಿಂದ ಮಠದ ಹೊರಗೆ ಕಾಲಿಡದೆ ಕಬ್ಬಿಣದ ಜಾಲರಿಯ ಹಿಂದೆ ಕೂತಿದ್ದೀಯ ಎಂದು ಮರುಗುತ್ತಿದ್ದೆ. ಈಗ ನೋಡಿದರೆ ನಿನ್ನ ಜಾಲರಿಯಲ್ಲಿ ಪರಮಪ್ರಸಾದ ಕೊಡಲು ಒಂದು ಕಿಂಡಿಯಾದರೂ ಇದೆ, ಆಚೆ ನಿಮ್ಮ ಫಾದರ್ ಲೂಯಿಸ್ ಇದ್ದಾರೆ. ನಮ್ಮ ಫೋನಿನ ಗಾಜಿನಲ್ಲಿ ಏನೂ ದಾಟುವುದಿಲ್ಲ. ಈ ವ್ಯಾಪಾರದಲ್ಲಿ ಗೆದ್ದವಳು ನೀನೇ.

ನಿನ್ನ ತಮ್ಮ,
ಚೌರಪ್ಪ


ಕನ್ಯಾಮಠ, ಕೊಳ್ಳೇಗಾಲದ ಹತ್ತಿರ
11 ಮೇ 2020

ಪ್ರೀತಿಯ ಚೌರಿ,

ನಿನ್ನ ಕಾಗದ ಮೂರು ವಾರ ದಾರಿಯಲ್ಲಿತ್ತು. ಅತ್ತಿಬೆಲೆ ಗಡಿಯಲ್ಲಿ ಅದಕ್ಕೂ ಪಾಸ್ ಕೇಳಿದರೇನೋ.

ನಾವು ಒಂಬತ್ತು ಮಂದಿಯೂ ಕ್ಷೇಮ. ಬದನೆ ಚೆನ್ನಾಗಿ ಬಂದಿದೆ. ತಿನ್ನುವವರು ಕಡಿಮೆ, ಬೇಲಿಯಾಚೆ ಇಟ್ಟರೆ ಊರಿನವರು ಒಯ್ಯುತ್ತಾರೆ.

ಅವ್ವ ಮನೆ ಸುತ್ತಿ ಬಂದದ್ದನ್ನು ಓದಿ ಊಟದ ಮನೆಯಲ್ಲಿ ಒಬ್ಬಳೇ ನಕ್ಕೆ. ಅದು ಮೌನದ ಹೊತ್ತು, ಬೈಸಿಕೊಂಡೆ. ಫೋನಿಗೆ ಉತ್ತರ ಹೇಳಬೇಡ ಎಂದು ಮಾತ್ರ ಅವಳಿಗೆ ಹೇಳಬೇಡ, ಚೌರಿ. ಕೇಳುವವರು ಯಾರು ಎಂಬುದು ಅವಳ ಚಿಂತೆಯೂ ಅಲ್ಲ, ನಿನ್ನದೂ ಅಲ್ಲ.

ಜಾಲರಿಯ ವಿಷಯದಲ್ಲಿ ನಿನ್ನ ಲೆಕ್ಕ ಯಾವತ್ತೂ ಒಂದು ಕಡೆಯದೇ. ಇರಲಿ.

ಒಂದು ಮಾತು. ಆ ಕನ್ನಡ ಪೂಜೆ ಯೂಟ್ಯೂಬಿನಲ್ಲಿ ಯಾವ ಹೆಸರಿನಲ್ಲಿ ಬರುತ್ತದೆ? ಆರಕ್ಕೆ ಸರಿಯಾಗಿಯೇ ಶುರುವಾಗುತ್ತದೆಯೇ? ಸುಮ್ಮನೆ ಕೇಳಿದೆ. ನಮಗಾಗಿ ಪ್ರಾರ್ಥನೆ ಮಾಡಲು ಅವ್ವನಿಗೆ ಹೇಳು. ಅವಳಿಗಾಗಿ ನಾವು ಮಾಡುವುದು ರೂಢಿ, ಗೊತ್ತು. ಆದರೂ ಹೇಳು.

ಅಕ್ಕ


ಮತ್ತಿಗಿರಿ
22 ಜೂನ್ 2020

ಅಕ್ಕ,

ಯೂಟ್ಯೂಬಿನ ಹೆಸರು, ಗಂಟೆ ಎಲ್ಲ ವಿಚಾರಿಸಿದ್ದೀಯ. ತಮ್ಮ ಪೂಜೆಗೆ ಕೂರುತ್ತಾನೋ ಹೊದ್ದು ಮಲಗುತ್ತಾನೋ ಎಂಬ ತಪಾಸಣೆ ತಾನೆ? ಮಾಡಿಕೊ. ನಮ್ಮ ಚರ್ಚಿನ ಹೆಸರನ್ನೇ ಒತ್ತಿದರೆ ಬರುತ್ತದೆ, ಆರಕ್ಕೆ ಸರಿಯಾಗಿ. ನಿನ್ನ ಮಠದ ಹಿರಿಯ ಮದರ್ ಹತ್ತಿರ ಒಂದು ಫೋನ್ ಇದೆಯೆಂದು ನನಗೂ ಗೊತ್ತು.

ಈಗ ನನ್ನ ವರದಿ ಕೇಳು. ಬೀದಿಯಲ್ಲಿ ಅರ್ಧಕ್ಕರ್ಧ ಮುದುಕ ಮುದುಕಿಯರು. ಅವರ ಮಕ್ಕಳ ಕೈಯಲ್ಲಿ ಫೋನ್ ಇದ್ದರೂ ಆರು ಗಂಟೆಗೆ ಫ್ಯಾಕ್ಟರಿ ಶಿಫ್ಟು, ಇಲ್ಲವೇ ನಿದ್ದೆ. ಚರ್ಚಿನ ಆಂಪ್ಲಿಫೈಯರಿನಿಂದ ಬೀದಿಗೆ ಒಂದು ವೈರ್ ಎಳೆಯುತ್ತೇನೆ ಎಂದು ಮಾಸ್ಟರ್ ಹತ್ತಿರ ಕೇಳಿದೆ. ಚರ್ಚಿನಿಂದ ಹೊರಕ್ಕೆ ಸೌಂಡ್ ಬಂದರೆ ಜನ ಸೇರುತ್ತಾರೆ, ಆಮೇಲೆ ಪೊಲೀಸರಿಗೆ ಉತ್ತರ ಹೇಳುವವರು ಯಾರು, ಅಂದರು. ಸರಿ, ಚರ್ಚಿನ ವೈರ್ ಚರ್ಚಿನಲ್ಲೇ ಇರಲಿ. ಯೂಟ್ಯೂಬ್ ಯಾರಪ್ಪನ ಆಸ್ತಿಯೂ ಅಲ್ಲವಲ್ಲ. ನನ್ನ ಫೋನನ್ನು ನನ್ನ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಗುಬ್ಬಚ್ಚಿಗಳಿಗೆ ಬೇರೆ ಮನೆ ತೋರಿಸಿ, ಒಂದು ಹಾರ್ನನ್ನು ನಮ್ಮ ತಾರಸಿಗೂ ಇನ್ನೊಂದನ್ನು ಎದುರು ಮನೆ ಮುನಿರತ್ನಮ್ಮನ ತಾರಸಿಗೂ ಕಟ್ಟಿದೆ. ಎರಡರ ಬೆನ್ನೂ ಚರ್ಚಿನ ಕಡೆಗೆ. ಇಲ್ಲದಿದ್ದರೆ ಫಾದರ್ ದನಿ ಸುತ್ತಿ ಹೋಗಿ ಅವರ ಮೈಕಿಗೇ ಬೀಳುತ್ತದೆ.

ಜನ ಹೊಸ್ತಿಲ ಮೇಲೆ ನಿಂತರು, ಅವರವರ ಮನೆಯದು. ಫಾದರ್ "ಪ್ರಭು ನಿಮ್ಮೊಡನಿರಲಿ" ಅಂದರು. ಇಡೀ ಬೀದಿ ಉತ್ತರ ಕೊಟ್ಟಿತು. ಅಕ್ಕ, ನನ್ನ ಹಾರ್ನ್‌ಗಳು ಎಷ್ಟು ಗಂಟಲು ಹೊತ್ತಿವೆ, ಎಂಎಲ್‌ಎಗಳದ್ದೂ ಸೇರಿ. ಹಾರ್ನ್ ಇಲ್ಲದೆ ಬಂದ ಆ ದನಿಯ ಮುಂದೆ ಯಾವುದೂ ಇಲ್ಲ.

ಒಂದು ತಕರಾರು. ಪೂಜೆ ಚರ್ಚಿನಿಂದ ಆಕಾಶಕ್ಕೆ ಹೋಗಿ ನಮ್ಮ ಫೋನಿಗೆ ಇಳಿಯುವುದಕ್ಕೆ ಅರ್ಧ ನಿಮಿಷ ಬೇಕು. ಚರ್ಚು ನಮ್ಮ ಹಿತ್ತಿಲಿಗೆ ಅಂಟಿಕೊಂಡಿದೆ, ಕಿಟಕಿಗಳು ತೆರೆದಿವೆ. ಹಾರ್ನಿಗೆ ಬೆನ್ನಿದೆ, ಬಾಯಿಗೆ ಎಲ್ಲಿದೆ? ಫಾದರ್ ಮುಂದಿನ ಪ್ರಾರ್ಥನೆಯ ನಡುವೆ ಇರುವಾಗ ಹಿಂದಿನದಕ್ಕೆ ನಮ್ಮ ಉತ್ತರ ಕಿಟಕಿಯಲ್ಲಿ ನುಗ್ಗಿತು. ತಮಿಳು ಅಕ್ಷರದ ಕನ್ನಡ ಪೂರ್ತಿ ಚೆಲ್ಲಿಹೋಯಿತು. ದಯವಿಟ್ಟು ಮೆಲ್ಲಗೆ ಹೇಳಿ ಎಂದು ಅವರು ಹೇಳಿ ಕಳಿಸಿದರು. ಅವ್ವ ತಿರುಗಿ ಹೇಳಿ ಕಳಿಸಿದಳು: "ನಾವೇನು ತಡ ಮಾಡ್ತಾ ಇಲ್ಲ, ಸಾಮೇರೇ ಅವಸರ ಮಾಡ್ತಾವ್ರೆ."

ಮೂರನೇ ಭಾನುವಾರದಿಂದ ಫಾದರ್ ಕಾಯುತ್ತಾರೆ. ಒಂದು ಮಾತು ಹೇಳಿ, ಕೈ ಹಾಗೇ ಹಿಡಿದು, ಬೀದಿಯ ಉತ್ತರ ಕಿಟಕಿಯಿಂದ ಬರುವತನಕ ಸುಮ್ಮನೆ ನಿಲ್ಲುತ್ತಾರೆ. ಪೂಜೆ ಉದ್ದವಾಗಿದೆ, ಯಾರೂ ದೂರಿಲ್ಲ.

ಪೊಲೀಸರು ಬಂದರು. ಎಲ್ಲರೂ ಅವರವರ ಹೊಸ್ತಿಲಲ್ಲೇ ಇದ್ದಾರೆ ಸಾರ್, ಒಂದು ಕಾಲು ಬೀದಿಗೆ ಬಿದ್ದಿದ್ದರೂ ನನ್ನನ್ನು ಜೀಪಿಗೆ ಹತ್ತಿಸಿ, ಅಂದೆ. ಅವರು ಬೀದಿಯುದ್ದಕ್ಕೂ ಕಾಲುಗಳನ್ನೇ ನೋಡುತ್ತ ನಡೆದರು. ಮುನಿರತ್ನಮ್ಮ ಮೇಲಿನಿಂದ, "ಫ್ಯಾಕ್ಟ್ರಿ ಸೈರನ್ ಬಡ್ಕಂಡಾಗ ಬಂದು ಕೇಳ್ತೀರಾ ಸಾಮಿ?" ಅಂದಳು. ಸೌಂಡ್ ಸ್ವಲ್ಪ ಕಡಿಮೆ ಮಾಡಿ ಎಂದು ಹೇಳಿ ಹೋದರು. ಅವಳ ಮನೆದೇವರು ಮುನೇಶ್ವರ, ಆದರೂ ನಮ್ಮ ಉತ್ತರಗಳೆಲ್ಲ ಈಗ ಅವಳಿಗೆ ಬಾಯಿಪಾಠ. ನಾನು ತಪ್ಪಿದರೆ ತಾರಸಿಯಿಂದಲೇ ಬೈಯುತ್ತಾಳೆ.

ಫಾದರ್ ಲೂಯಿಸ್‌ರಿಗೆ ಈ ಕಥೆ ಹೇಳು, ನಗುತ್ತಾರೆ.

ಚೌರಪ್ಪ


ಮತ್ತಿಗಿರಿ
27 ಜುಲೈ 2020

ಅಕ್ಕ,

ಹೋದ ಕಾಗದಕ್ಕೆ ಉತ್ತರ ಇಲ್ಲ. ಇರಲಿ. ನಿನಗೆ ಬೆಳಿಗ್ಗೆ ಎದ್ದರೆ ಪೂಜೆ, ಕಿಂಡಿಯಲ್ಲಿ ಪ್ರಸಾದ. ಹೊಟ್ಟೆ ತುಂಬಿದವರಿಗೆ ಹಸಿದವರ ಕಾಗದ ಓದಲು ಪುರಸೊತ್ತು ಎಲ್ಲಿಂದ ಬರಬೇಕು.

ಕಮಿಟಿ ತೀರ್ಮಾನ ಮಾಡಿದೆ. ಆಗಸ್ಟಿನಿಂದ ಕನ್ನಡ ಪೂಜೆ ಫೋನಿನಲ್ಲಿ ಇಲ್ಲ. ಮುಂದೆ ಚರ್ಚು ತೆರೆದಾಗಲೂ ಇಲ್ಲ. ಒಂದು ಪೂಜೆಗೂ ಇನ್ನೊಂದಕ್ಕೂ ನಡುವೆ ಬೆಂಚುಗಳಿಗೆ ಔಷಧಿ ಹೊಡೆಯಬೇಕಂತೆ, ಹೊತ್ತು ಸಾಲದಂತೆ. ಯಾಕೆ ನಮ್ಮದನ್ನೇ ತೆಗೆದಿರಿ ಎಂದು ಕೇಳಿದೆ. ಸವರಿಮುತ್ತು ಮಾಸ್ಟರ್ ಫೋನ್ ತೋರಿಸಿದರು. ತಮಿಳು ಪೂಜೆ ನಡೆಯುವಾಗ ನೋಡುತ್ತಿದ್ದವರು ನಾನೂರಕ್ಕೂ ಮೇಲೆ. ಕನ್ನಡಕ್ಕೆ ಇಬ್ಬರು. ಈ ತಿಂಗಳ ಪ್ರತಿ ಭಾನುವಾರವೂ ಇಬ್ಬರು.

ಆ ಇಬ್ಬರಲ್ಲಿ ಒಬ್ಬ ನಾನು ಸಾರ್, ನನ್ನ ಹಿಂದೆ ಒಂದು ಬೀದಿ ಇದೆ, ಅಂದೆ.

"ಇರಬಹುದು ಚೌರಪ್ಪ. ಫೋನಿನಲ್ಲಿ ಬೀದಿ ಕಾಣುವುದಿಲ್ಲವಲ್ಲ," ಅಂದರು. ಮೂವತ್ತೈದು ವರ್ಷ ಶಾಲೆಯಲ್ಲಿ ಹಾಜರಿ ಕರೆದ ಮನುಷ್ಯ. ಅವರ ಲೆಕ್ಕಕ್ಕೆ ಕೈ ಎತ್ತಿದವನು ಮಾತ್ರ ಇದ್ದಾನೆ.

ನಾನು ವ್ಯಾಪಾರಿ, ವ್ಯಾಪಾರಿಯ ಬುದ್ಧಿಯನ್ನೇ ಓಡಿಸಿದೆ. ಮನೆಮನೆಗೆ ಹೋಗಿ, ಮಕ್ಕಳ ಫೋನ್‌ಗಳನ್ನೆಲ್ಲ ಆರು ಗಂಟೆಗೆ ಹಚ್ಚಿಡಿ, ಸಂಖ್ಯೆ ಏರಲಿ, ಎಂದು ಒಪ್ಪಿಸಿದೆ. ನಿನ್ನೆ ಹಚ್ಚಿದರು. ಒಂದೊಂದು ಫೋನು ಒಂದೊಂದು ಹೊತ್ತಿಗೆ ಮಾತಾಡಿತು. ಒಂದು ಮನೆ ಆಮೆನ್ ಹೇಳುವಾಗ ಪಕ್ಕದ ಮನೆ ಇನ್ನೂ ಪಾಪ ಒಪ್ಪಿಕೊಳ್ಳುತ್ತಿತ್ತು. ಬೀದಿ ಚೂರುಚೂರಾಯಿತು. ಅವ್ವ ಎದ್ದು ನಿಂತಳು. "ಒಂದೇ ಬಾಯ್ನಾಗೆ ಹೇಳೋ ಮಾತ್ಗೆ ಹತ್ತು ಫೋನ್ ಯಾಕ್ಲಾ? ಆರ್ಸು," ಅಂದಳು. ಎಲ್ಲ ಆರಿದವು. ಮತ್ತೆ ಇಬ್ಬರು.

ನಾನೊಬ್ಬ, ಸರಿ. ಆ ಇನ್ನೊಬ್ಬ ಯಾರು ಎಂದು ಊರೆಲ್ಲ ಜಾಲಾಡಿದೆ. ಒಪ್ಪಿಕೊಳ್ಳುವವರೇ ಇಲ್ಲ. ಕಮಿಟಿಯವರೇ ನಮ್ಮನ್ನು ಅಳೆಯಲು ಹಚ್ಚಿಟ್ಟಿದ್ದಾರೆ ಎಂಬುದು ನನ್ನ ಅನುಮಾನ.

ನೀನು ಬಿಷಪ್ಪರಿಗೆ ಒಂದು ಸಾಲು ಬರೆ. ಮಠದ ಮಾತಿಗೆ ತೂಕವಿದೆ. ಇಷ್ಟು ವರ್ಷದಲ್ಲಿ ನಿನ್ನಿಂದ ಏನೂ ಕೇಳಿಲ್ಲ ನಾನು.

ಚೌರಪ್ಪ


ಕನ್ಯಾಮಠ
14 ಆಗಸ್ಟ್ 2020

ಚೌರಿ,

ಇನ್ನೊಬ್ಬರು ನಾವು.

ಇದನ್ನು ಬರೆಯದೆ ಇರಬೇಕೆಂದುಕೊಂಡಿದ್ದೆ. ಅವ್ವನಿಗೆ ತಿಳಿದರೆ ಊಟ ಬಿಡುತ್ತಾಳೆ ಎಂಬ ಭಯ. ಫಾದರ್ ಲೂಯಿಸ್ ಏಪ್ರಿಲ್ ಕೊನೆಯಲ್ಲಿ ಆಸ್ಪತ್ರೆಗೆ ಹೋದರು, ತಿರುಗಿ ಬರಲಿಲ್ಲ. ಮಣ್ಣು ಮಾಡುವಾಗ ನಮ್ಮಲ್ಲಿ ಯಾರೂ ಇರಲಿಲ್ಲ. ಅವರ ಜಾಗಕ್ಕೆ ಯಾರನ್ನೂ ಕಳಿಸಲು ಆಗಿಲ್ಲ. ಒಮ್ಮೆ ಈ ಊರಿಗೆ ಬೇಲಿ ಹಾಕಿದರು, ಒಮ್ಮೆ ಬರಬೇಕಾದ ಗುರುಗಳಿಗೇ ಜ್ವರ. ಅಂದಿನಿಂದ ಇಲ್ಲಿ ಪೂಜೆ ಇಲ್ಲ. ಕಿಂಡಿ ಇದೆ, ಆಚೆ ಕೈ ಇಲ್ಲ. ನೀನು ಗೆದ್ದವಳು ಎಂದು ಬರೆದ ಕಾಗದ ನನ್ನ ಕೈಗೆ ಬಂದದ್ದು ಅವರು ತೀರಿಕೊಂಡ ವಾರದಲ್ಲಿ.

ನೀನು ತಿಳಿಯದೆ ಬರೆದೆ. ನಾನು ತಿಳಿಸದೆ ಉಳಿದೆ. ಇಬ್ಬರದೂ ಸಮವಾಯಿತು ಬಿಡು.

ಮದರ್ ತಮ್ಮ ಫೋನನ್ನು ಜಾಲರಿಯ ಒಳಗೆ ಸ್ಟೂಲಿನ ಮೇಲೆ ಇಡಿಸಿದರು. ದೊಡ್ಡ ದೊಡ್ಡ ದೇವಾಲಯಗಳ ಪೂಜೆಗಳು ಬರುತ್ತವೆ. ಬೆಳಕು, ಹೂವು, ಗಾಯನ ಎಲ್ಲ ಇದೆ. ಅಲ್ಲಿ ಗುರುಗಳು ಕೇಳುತ್ತಾರೆ, ತಾವೇ ಉತ್ತರ ಹೇಳಿಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಪೂಜೆ ಯಾವ ಹೆಸರಿನಲ್ಲಿ ಬರುತ್ತದೆಂದು ನಿನ್ನನ್ನು ಕೇಳಿದೆ. ನಿನ್ನ ಉತ್ತರ ಬಂದ ಮೇಲಿನ ಮೊದಲ ಭಾನುವಾರ ನಿಮ್ಮ ಫಾದರ್ "ಪ್ರಭು ನಿಮ್ಮೊಡನಿರಲಿ" ಎಂದು ಸುಮ್ಮನೆ ನಿಂತರು. ಫೋನ್ ಕೆಟ್ಟಿತು ಎಂದುಕೊಂಡೆವು. ಆಮೇಲೆ ಎಲ್ಲೋ ದೂರದಿಂದ, ಗೋಡೆಯ ಆಚೆಯಿಂದ, ಬೀದಿ ಬಂತು. ನಮ್ಮಲ್ಲಿ ಇಬ್ಬರು ಅತ್ತರು. ಅದರಲ್ಲಿ ನಾನಿಲ್ಲ. ನಾನು ಎಲ್ಲರಿಗಿಂತ ಅರ್ಧ ಮಾತು ಹಿಂದೆ ಬರುವ ಒಂದು ದನಿಯನ್ನು ಹುಡುಕುತ್ತಿದ್ದೆ. ಸಿಕ್ಕಿತು. ಕೊನೆಯ "ಇರಲಿ"ಯನ್ನು ಇಂದಿಗೂ ಒಬ್ಬಳೇ ಮುಗಿಸುತ್ತಾಳಲ್ಲವೇ. ಯಾರಪ್ಪ ಆ ಅಜ್ಜಿ, ಎಲ್ಲರೂ ಮುಗಿಸಿದ ಮೇಲೆ ಬಾಗಿಲು ಹಾಕುವವಳ ಹಾಗೆ, ಎಂದು ಮದರ್ ಕೇಳಿದರು. ನನ್ನ ಅವ್ವ ಎಂದು ಹೇಳಲು ಒಂದು ವಾರ ಬೇಕಾಯಿತು.

ಈಗ ಎರಡು ಭಾನುವಾರದಿಂದ ಪರದೆ ಕಪ್ಪಗಿದೆ. ಆದರೂ ಆರು ಗಂಟೆಗೆ ಒಂಬತ್ತು ಮಂದಿಯೂ ಅದರ ಮುಂದೆ ಕೂರುತ್ತೇವೆ. ಬಂದರೂ ಬರಬಹುದು.

ಬಿಷಪ್ಪರಿಗೆ ಬರೆಯುವುದಿಲ್ಲ. ಬೇಡಿದರೆ ಕೊಡುವವರು ದೊಡ್ಡವರಾಗುತ್ತಾರೆ, ಕೊಡದಿದ್ದರೆ ಇನ್ನೂ ದೊಡ್ಡವರಾಗುತ್ತಾರೆ. ಪೂಜೆಯಲ್ಲಿ ಅರ್ಧ ಗುರುಗಳದು, ಅರ್ಧ ಜನರದು. ನಿಮ್ಮ ಅರ್ಧವನ್ನು ನಿಲ್ಲಿಸಲು ಯಾವ ಕಮಿಟಿಗೂ ಅಧಿಕಾರವಿಲ್ಲ.

ಅವ್ವನಿಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು.

ಅಕ್ಕ


ಮತ್ತಿಗಿರಿ
7 ಸೆಪ್ಟೆಂಬರ್ 2020

ಅಕ್ಕ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಶಾಮಿಯಾನದ ಬಟ್ಟೆಯ ಮೇಲೆ ಕೂತು ಓದಿದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಮವಾಯಿತು ಎಂದು ನೀನು ಬರೆದರೂ ನನಗೆ ಆಗಿಲ್ಲ.

ಅವ್ವನಿಗೆ ಹೇಳಿದೆ. ಊಟ ಬಿಡಲಿಲ್ಲ. ಮುದ್ದೆ ಮುರಿಯುತ್ತ ಯೋಚಿಸಿ, "ಹಂಗಾದ್ರೆ ಇನ್ನೂ ಜೋರಾಗಿ ಹೇಳ್ಬೇಕಾಗಿತ್ತು ಕಣ್ಲಾ," ಅಂದಳು.

ಮಾಸ್ಟರ್ ಹತ್ತಿರ ಹೋಗಿ ಆ ಎರಡನೆಯವರು ಯಾರು ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಪಾಪ, ಅಂದರು. ಆದರೂ ಕಮಿಟಿಯ ತೀರ್ಮಾನ ತೀರ್ಮಾನವೇ, ಹೋದ ವಾರ ಚರ್ಚು ತೆರೆದಾಗಿದೆ, ಭಾನುವಾರ ಏಳೂವರೆಗೆ ತಮಿಳು ಪೂಜೆಯೊಂದೇ, ಅಂದರು. ನಾನು ಜಗಳ ಆಡಲಿಲ್ಲ. ಅದಕ್ಕೇ ಅವರಿಗೆ ಹೆದರಿಕೆಯಾಗಿರಬೇಕು.

ನಿನ್ನೆ ಬೆಳಿಗ್ಗೆ ಆರಕ್ಕೆ ಬೀದಿ ಹೊಸ್ತಿಲಿಗೆ ಬಂತು. ಹಾರ್ನ್ ಇಲ್ಲ, ಫೋನ್ ಇಲ್ಲ, ಫಾದರ್ ಇಲ್ಲ. ಅವ್ವ ಶಿಲುಬೆ ಗುರುತು ಹಾಕಿದಳು. ನಾವು "ಆಮೆನ್" ಅಂದೆವು. ಆಮೇಲೆ ಸುಮ್ಮನೆ ನಿಂತೆವು, ಫಾದರ್ ಹೇಳಬೇಕಾದ ಮಾತಿನಷ್ಟು ಹೊತ್ತು. ಕಾಯುವುದು ನಮಗೆ ಅಭ್ಯಾಸವಾಗಿತ್ತಲ್ಲ, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವ್ವ ಗಲ್ಲ ಎತ್ತಿದಳು. "ನಿಮ್ಮ ಆತ್ಮದೊಡನೆಯೂ ಇರಲಿ." ಇಡೀ ಬೀದಿ. ಯಾರಿಗೆ ಉತ್ತರ? ಯಾರೂ ಏನೂ ಹೇಳಿರಲಿಲ್ಲ. ಮತ್ತೆ ಮೌನ. ಮತ್ತೆ ನಮ್ಮ ಪಾಲು. ಬರೀ ನಮ್ಮ ಅರ್ಧ, ನಡುನಡುವೆ ಅವರ ಅರ್ಧದ ಜಾಗ ಖಾಲಿ ಬಿಟ್ಟುಕೊಂಡು. ಕೂಲಿಗೆ ಹೊರಟಿದ್ದ ಬಚ್ಚಪ್ಪ ಸೈಕಲ್ ನಿಲ್ಲಿಸಿ, ಯಾರ ಜೊತೆ ಮಾತಾಡ್ತಾವ್ರೆ, ಎಂದು ಮುನಿರತ್ನಮ್ಮನನ್ನು ಕೇಳಿದ. "ಬರ್ಬೇಕಾದವ್ರ ಜೊತೆ. ನೀನ್ ನಡಿ," ಅಂದಳು.

"ಪ್ರಭುವೇ, ದಯೆ ತೋರು" ಎನ್ನುವ ಹೊತ್ತಿಗೆ ಫಾದರ್ ಮನೆಯ ಕಿಟಕಿ ತೆರೆಯಿತು. ಬನಿಯನ್ನು, ಹೆಗಲ ಮೇಲೆ ಟವೆಲು, ಗಲ್ಲದಲ್ಲಿ ಅರ್ಧ ಸೋಪು. ನಮ್ಮನ್ನೇ ನೋಡಿದರು. ನಾವು ಮುಂದಿನ ಮೌನದಲ್ಲಿದ್ದೆವು. ಆ ಮೌನ ಯಾರ ಪಾಲಿನದು ಎಂದು ಅವರಿಗೆ ಗೊತ್ತು. ಸೋಪಿನ ಮುಖದಲ್ಲೇ, ಕಾಗದ ಇಲ್ಲದೆ, ತಪ್ಪುತಪ್ಪು ಕನ್ನಡದಲ್ಲಿ, ತಮ್ಮ ಮಾತನ್ನು ಹೇಳಿದರು. ನಾವು ಉತ್ತರ ಹೇಳಿದೆವು. ಕಿಟಕಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ಚರ್ಚಿನ ದೊಡ್ಡ ಬಾಗಿಲಿನ ಅಗುಳಿ ಕೇಳಿಸಿತು.

"ಫೋನ್ ಹಚ್ಚಿ ಫಾದರ್," ಎಂದು ನಾನು ಕೂಗಿದೆ. "ಒಂಬತ್ತು ಜನ ಕೂತವ್ರೆ."

ಅರವತ್ತೈದು ದಾಟಿದವರು ಒಳಗೆ ಬರಬಾರದಂತೆ. ಹೊಸ್ತಿಲಲ್ಲಿ ಕೂರಬಾರದು ಎಂದು ಎಲ್ಲೂ ಇಲ್ಲ. ನನ್ನ ಅಂಗಡಿಯ ಕುರ್ಚಿಗಳನ್ನು ಬಾಗಿಲಾಚೆ ದೂರದೂರ ಹಾಕಿ ಅವ್ವನನ್ನೂ ಉಳಿದವರನ್ನೂ ಕೂರಿಸಿದೆ. ಮಾಸ್ಟರ್ ಲುಂಗಿಯಲ್ಲೇ ಓಡಿ ಬಂದು ಗೇಟಿನ ಬಳಿ ನಿಂತರು. ನಿಲ್ಲಿಸಿ ಎನ್ನಲು ಬಾಯಿ ತೆರೆದರೋ ಏನೋ. ಅಷ್ಟರಲ್ಲಿ ಫಾದರ್ ನಮ್ಮ ಕಡೆ ಕೈ ಚಾಚಿ "ಪ್ರಭು ನಿಮ್ಮೊಡನಿರಲಿ" ಅಂದರು. ತೆರೆದ ಬಾಯಿ ಉತ್ತರ ಹೇಳಿತು, ತಮಿಳಿನಲ್ಲಿ. ಅದನ್ನೂ ನಮ್ಮ ಲೆಕ್ಕಕ್ಕೆ ಜಮಾ ಹಿಡಿದುಕೊಂಡೆ.

ನಿಮ್ಮ ಪರದೆಯಲ್ಲಿ ಬಂತೋ ಇಲ್ಲವೋ, ಬರೆ.

ಚೌರಪ್ಪ


ಕನ್ಯಾಮಠ
15 ಸೆಪ್ಟೆಂಬರ್ 2020

ಚೌರಿ,

ಬಂತು.

ಅಕ್ಕ


ಮತ್ತಿಗಿರಿ
28 ಸೆಪ್ಟೆಂಬರ್ 2020

ಅಕ್ಕ,

ನಿನ್ನ ಒಂದು ಮಾತಿನ ಕಾಗದವನ್ನು ಅವ್ವ ಜಪಸರದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ.

ಆರು ಗಂಟೆ ಈಗ ನಮ್ಮದು. ಕಮಿಟಿ ಹೊಸ ತೀರ್ಮಾನ ಏನೂ ಬರೆಯಲಿಲ್ಲ, ಹಳೆಯದನ್ನು ಓದಲೂ ಇಲ್ಲ. ಬೆಂಚಿಗೆ ಔಷಧಿ ಹೊಡೆಯಲು ಹೊತ್ತು ಸಿಕ್ಕಿತು. ಹೊಡೆಯುವವನು ನಾನು.

ನಿನ್ನೆ ಪೂಜೆ ಮುಗಿದ ಮೇಲೆ ಸವರಿಮುತ್ತು ಮಾಸ್ಟರ್ ನನ್ನನ್ನು ಕರೆದು ಫೋನ್ ತೋರಿಸಿದರು. ನೋಡುತ್ತಿದ್ದವರು ಒಬ್ಬರು. ನನ್ನ ಫೋನ್ ಜೇಬಿನಲ್ಲಿತ್ತು, ಬೀದಿಯೆಲ್ಲ ಚರ್ಚಿನಲ್ಲಿತ್ತು. ಅರ್ಧಕ್ಕೆ ಇಳಿಯಿತು ಸಾರ್, ಏನು ಮಾಡೋಣ, ಎಂದು ಕೇಳಿದೆ. ಅವರು ಫೋನಿನ ಸ್ಟ್ಯಾಂಡನ್ನು ಎತ್ತಿ ಒಂದು ಬೆಂಚು ಮುಂದಕ್ಕೆ, ಪೀಠದ ಹತ್ತಿರಕ್ಕೆ ಇಟ್ಟರು.

ಇನ್ನೊಂದು ವಿಷಯ. ಫಾದರ್ "ಪ್ರಭು ನಿಮ್ಮೊಡನಿರಲಿ" ಎನ್ನುತ್ತಾರೆ, ನಾವು ಅಲ್ಲೇ ಎದುರಿಗೆ ನಿಂತು ಉತ್ತರ ಹೇಳುತ್ತೇವೆ. ಅಲ್ಲಿಗೆ ಮುಗಿಯಬೇಕು. ಅವರು ಮುಂದಕ್ಕೆ ಹೋಗುವುದಿಲ್ಲ. ಕೈ ಹಾಗೇ ಹಿಡಿದು, ಆ ಫೋನನ್ನು ನೋಡುತ್ತ, ನಿಮ್ಮ ಉತ್ತರಕ್ಕೆಂದು ಅರ್ಧ ನಿಮಿಷ ನಿಲ್ಲುತ್ತಾರೆ. ಇಡೀ ಚರ್ಚು ನಿಲ್ಲುತ್ತದೆ. ನಿನ್ನೆ ಆ ಹೊತ್ತಿನಲ್ಲಿ ಯಾರೋ ಕೆಮ್ಮಿದರು. ಅವ್ವ ಬಾಗಿಲಾಚೆಯ ಕುರ್ಚಿಯಿಂದ ತಿರುಗಿ ನೋಡಿದಳು.

"ಸುಮ್ಕಿರ್ಲಾ," ಅಂದಳು. "ಅವ್ರಿನ್ನೂ ಹೇಳ್ತಾವ್ರೆ."

ಚೌರಪ್ಪ